ಕೋಬಾಲ್ ಲಿಟರಲ್ ಎರರ್‌ಗಳು: ಕೋಟ್, ಕಾಲಂ, ಬೈಟ್ ನೋಡಿ ಸರಿಪಡಿಸುವ ಬಗೆ

ಕೋಡ್‌ನಲ್ಲಿ ನೇರವಾಗಿ ಬರೆಯುವ ಪಠ್ಯ ಅಥವಾ ಅಂಕೆಗೆ ಲಿಟರಲ್ ಎನ್ನುತ್ತಾರೆ, ಪಠ್ಯವಾದರೆ ಅದು ಕೋಟ್ ಚಿಹ್ನೆಗಳ ನಡುವೆ ಇರಬೇಕು. ಮೇನ್‌ಫ್ರೇಮ್ ಕೋಬಾಲ್‌ನಲ್ಲಿ ಒಂದೇ ಒಂದು ಕೋಟ್ ಬಿಟ್ಟುಹೋದರೆ ಸಾಕು, ಕಂಪೈಲರ್ ಸಾಲು ಸಾಲಾಗಿ ಎರರ್ ಸುರಿಯುತ್ತದೆ. ಅವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ನಿಜವಾದ ತಪ್ಪುಗಳೇ ಅಲ್ಲ. ಮೊದಲ ತಪ್ಪಿನಿಂದ ಕಂಪೈಲರ್ ದಾರಿ ತಪ್ಪಿದ್ದರಿಂದ ಹುಟ್ಟಿದವು. ಬೆಂಗಳೂರಿನ ಎಷ್ಟೋ ಐಟಿ ಕಂಪನಿಗಳಲ್ಲಿ ಅಮೆರಿಕದ ಬ್ಯಾಂಕು, ವಿಮೆ ಕಂಪನಿಗಳ ಕೋಬಾಲ್ ಕೋಡ್ ನೋಡಿಕೊಳ್ಳುವ ತಂಡಗಳಿವೆ. ಜಾವಾ, ಪೈಥಾನ್ ಕಲಿತು ಅಲ್ಲಿಗೆ ಸೇರುವ ಹುಡುಗ ಹುಡುಗಿಯರಿಗೆ ಈ ಎರರ್‌ಗಳು ತುಂಬಾ ಕಾಟ ಕೊಡುತ್ತವೆ. ಅವರನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿ ಹೇಳುವುದೆಲ್ಲ ಐಬಿಎಂನ ಎಂಟರ್‌ಪ್ರೈಸ್ ಕೋಬಾಲ್ ಫಾರ್ ಝಡ್‌ಓಎಸ್ ಕಂಪೈಲರ್ ಬಗ್ಗೆ (ಝಡ್‌ಓಎಸ್ ಅಂದರೆ ಐಬಿಎಂ ಮೇನ್‌ಫ್ರೇಮ್‌ನ ಆಪರೇಟಿಂಗ್ ಸಿಸ್ಟಂ). ಕೋಡ್ ಸಾಲುಗಳನ್ನೂ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಎಂದಿನಂತೆ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಿ.

ಒಂದು ಮಾತು ಮೊದಲೇ ಗಟ್ಟಿ ಮಾಡಿಕೊಳ್ಳಿ. ನಿಮ್ಮ ಕಣ್ಣಿಗೆ ಕಾಣುವುದು ಒಂದು ವಾಕ್ಯ. ಕಂಪೈಲರ್‌ಗೆ ಕಾಣುವುದು 80 ಕಾಲಂಗಳ ಒಂದು ಸಾಲು ಮತ್ತು ಅದರೊಳಗಿನ ಬೈಟ್‌ಗಳು. ಲಿಟರಲ್ ಎರರ್ ಬಂದಾಗ ಆ ಸಾಲನ್ನು ಕಂಪೈಲರ್ ನೋಡುವ ಹಾಗೆ ನೋಡಲು ಕಲಿತರೆ ಹೆಚ್ಚಿನ ಎರರ್‌ಗಳು ಅಲ್ಲೇ ಬಗೆಹರಿಯುತ್ತವೆ.

ಹಂತ 1: ಲಿಸ್ಟಿಂಗ್ ತೆರೆಯಿರಿ, ಮೊದಲ ಎರರ್ ಹಿಡಿಯಿರಿ

ಕಂಪೈಲ್ ಜಾಬ್ ಮುಗಿದ ಮೇಲೆ ಸಿಸ್‌ಪ್ರಿಂಟ್ ಔಟ್‌ಪುಟ್‌ಗೆ ಹೋಗಿ. ಸೋರ್ಸ್ ಸಾಲುಗಳು, ಎರರ್ ಮೆಸೇಜ್‌ಗಳು ಇರುವ ಲಿಸ್ಟಿಂಗ್ ಅಲ್ಲೇ ಸಿಗುತ್ತದೆ. ಸುಮ್ನೆ ರಿಟರ್ನ್ ಕೋಡ್ 12 ನೋಡಿ ಸೋರ್ಸ್‌ಗೆ ವಾಪಸ್ ಓಡಬೇಡಿ.

ಪ್ರತಿ ಮೆಸೇಜ್ ಐಜಿವೈ ಎಂದು ಶುರುವಾಗುತ್ತದೆ. ಅದರ ನಂತರದ ಎರಡು ಅಕ್ಷರ ಕಂಪೈಲರ್‌ನ ಯಾವ ಹಂತದಲ್ಲಿ ತೊಂದರೆ ಸಿಕ್ಕಿತು ಎಂದು ಹೇಳುತ್ತವೆ. ಆಮೇಲೆ ನಂಬರ್. ಕೊನೆಯಲ್ಲಿ ತೀವ್ರತೆಯ ಅಕ್ಷರ: ಐ ಅಂದರೆ ಬರೀ ಮಾಹಿತಿ, ಡಬ್ಲ್ಯೂ ಅಂದರೆ ಎಚ್ಚರಿಕೆ (ರಿಟರ್ನ್ ಕೋಡ್ 4), ಇ ಅಂದರೆ ಎರರ್ (8), ಎಸ್ ಅಂದರೆ ಗಂಭೀರ ಎರರ್ (12), ಯು ಅಂದರೆ ಕಂಪೈಲರ್ ಮುಂದುವರಿಯಲಾರದ ಸ್ಥಿತಿ (16).

ಲಿಟರಲ್ ಕೆಟ್ಟಾಗ ಎರಡು ಮೆಸೇಜ್ ಪದೇ ಪದೇ ಕಾಣುತ್ತವೆ. ಐಜಿವೈಪಿಎಸ್2121-ಎಸ್: ಈ ಹೆಸರಿನ ಡೇಟಾ-ನೇಮ್ (ಬೇರೆ ಭಾಷೆಗಳ ವೇರಿಯಬಲ್ ಹೆಸರಿನಂಥದ್ದು) ಡಿಫೈನ್ ಆಗಿಲ್ಲ, ಸ್ಟೇಟ್‌ಮೆಂಟ್ ಕೈಬಿಟ್ಟಿದ್ದೇನೆ ಎನ್ನುತ್ತದೆ. ಐಜಿವೈಪಿಎಸ್2072-ಎಸ್: ಈ ಪದ ಇಲ್ಲಿ ಸಲ್ಲದು, ಮುಂದಿನ ವರ್ಬ್ ಅಥವಾ ಫುಲ್‌ಸ್ಟಾಪ್ ಅಥವಾ ಪ್ಯಾರಾ (ಹೆಸರಿಟ್ಟ ಕೋಡ್ ಭಾಗ) ಹೆಸರಿನವರೆಗೆ ಹಾರಿದ್ದೇನೆ ಎನ್ನುತ್ತದೆ. ಈ ಎರಡನೆಯದನ್ನು ಗಮನವಿಟ್ಟು ಓದಿ. ಕಂಪೈಲರ್ ಒಂದಷ್ಟು ಕೋಡ್ ಹಾರಿದೆ. ಹಾರಿದ ಜಾಗದಲ್ಲಿ ಏನಿತ್ತು ಎಂದು ಅದಕ್ಕೆ ತಿಳಿಯದು. ಹಾಗಾಗಿ ಅದರ ಕೆಳಗಿನ ಮೆಸೇಜ್‌ಗಳನ್ನು ಸದ್ಯಕ್ಕೆ ಬದಿಗಿಡಿ. ಮೊದಲನೆಯದನ್ನು ಸರಿಮಾಡಿ, ಮತ್ತೆ ಕಂಪೈಲ್ ಮಾಡಿ, ಆಮೇಲೆ ಉಳಿದದ್ದು ನೋಡಿ.

ಮೆಸೇಜ್‌ನಲ್ಲಿರುವ ಲೈನ್ ನಂಬರ್ ಎಡಿಟರ್‌ನ ಲೈನ್ ನಂಬರ್‌ಗೆ ಹೊಂದದಿದ್ದರೆ ಗಾಬರಿ ಬೇಡ. ಕಂಪೈಲರ್ ಕಾಪಿಬುಕ್‌ಗಳನ್ನೆಲ್ಲ (ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಕೋಡ್ ಫೈಲ್‌ಗಳು) ಬಿಡಿಸಿ ಸೇರಿಸಿಕೊಂಡ ಮೇಲೆ ಎಣಿಸುತ್ತದೆ. ಕಾಪಿಬುಕ್‌ನಿಂದ ಬಂದ ಸಾಲುಗಳ ನಂಬರ್ ಪಕ್ಕದಲ್ಲಿ ಲಿಸ್ಟಿಂಗ್‌ನಲ್ಲಿ ಸಿ ಎಂಬ ಗುರುತು ಇರುತ್ತದೆ. ಎರರ್ ಸಾಲಿನ ಪಕ್ಕ ಆ ಗುರುತಿದ್ದರೆ ನಿಮ್ಮ ಪ್ರೋಗ್ರಾಂನಲ್ಲಿ ಹುಡುಕಿ ಪ್ರಯೋಜನವಿಲ್ಲ, ಕಾಪಿಬುಕ್ ತೆರೆಯಿರಿ.

ಫ್ಲ್ಯಾಗ್ ಎಂಬ ಕಂಪೈಲರ್ ಆಪ್ಷನ್‌ಗೆ (ಐ,ಐ) ಎಂದು ಎರಡು ಬೆಲೆ ಕೊಟ್ಟರೆ, ಸೋರ್ಸ್ ಆಪ್ಷನ್ ಆನ್ ಇದ್ದಾಗ, ಮೆಸೇಜ್‌ಗಳು ಲಿಸ್ಟಿಂಗ್‌ನಲ್ಲಿ ಆಯಾ ಸಾಲಿನ ಕೆಳಗೇ ಬರುತ್ತವೆ. ಲಿಟರಲ್ ತೊಂದರೆಗೆ ಇದಕ್ಕಿಂತ ಒಳ್ಳೆಯ ಸಹಾಯ ಇನ್ನೊಂದಿಲ್ಲ. ಏಕೆಂದರೆ ಮೆಸೇಜ್ ಬಂದ ಸಾಲು ಮತ್ತು ಅದರ ಮೇಲಿನ ಸಾಲು ಎರಡೂ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ತಪ್ಪು ಇರುವುದು ಬಹಳ ಸಲ ಮೇಲಿನ ಸಾಲಿನಲ್ಲೇ.

ಹಂತ 2: ಕೋಟ್‌ಗಳನ್ನು ಎಣಿಸಿ

ಈ ಎರಡು ಸಾಲು ನೋಡಿ:

    ಮೂವ್ 'ಅಕೌಂಟ್ ಕ್ಲೋಸ್ಡ್ ಟು ಡಬ್ಲ್ಯೂಎಸ್-ಮೆಸೇಜ್.
    ಪರ್ಫಾರ್ಮ್ 9000-ರೈಟ್-ಲಾಗ್.

ಮುಚ್ಚುವ ಕೋಟ್ ಇಲ್ಲ. ಹಾಗಾಗಿ ಟು, ಡಬ್ಲ್ಯೂಎಸ್-ಮೆಸೇಜ್, ಕೊನೆಯ ಫುಲ್‌ಸ್ಟಾಪ್ ಎಲ್ಲವೂ ಲಿಟರಲ್‌ನ ಹೊಟ್ಟೆಗೆ ಹೋದವು. ಈಗ ಮೂವ್‌ಗೆ ಟು ಸಿಗಲಿಲ್ಲ, ಬದಲಿಗೆ ಪರ್ಫಾರ್ಮ್ ಸಿಕ್ಕಿತು. ಆಗ ಏನೂ ತಪ್ಪಿಲ್ಲದ ಪರ್ಫಾರ್ಮ್ ಮೇಲೂ ದೂರು ಬರಬಹುದು. ಹೊಸಬರು ಆ ಪ್ಯಾರಾ ಹೆಸರನ್ನೇ ತಿದ್ದುತ್ತಾ ಕೂರುತ್ತಾರೆ.

ತೆರೆಯುವ ಕೋಟ್ ಬಿಟ್ಟುಹೋದರೆ ಕಥೆ ಬೇರೆ. ಆಗ ಅಕೌಂಟ್ ಎಂಬುದೇ ಒಂದು ಡೇಟಾ-ನೇಮ್ ಎಂದು ಕಂಪೈಲರ್ ತಿಳಿಯುತ್ತದೆ, 2121 ಬರುತ್ತದೆ. ಜೊತೆಗೆ ಕ್ಲೋಸ್ಡ್ ನಂತರದ ಕೋಟ್ ಮುಚ್ಚುವ ಬದಲು ಹೊಸ ಲಿಟರಲ್ ಒಂದನ್ನು ತೆರೆಯುತ್ತದೆ. ನಿಮ್ಮ ಮೆಸೇಜಿನ ಪದವೇ ‘ಡಿಫೈನ್ ಆಗಿಲ್ಲ’ ಎಂಬ ಎರರ್‌ನಲ್ಲಿ ಕಂಡರೆ ಕೋಟ್ ಹೋಗಿದೆ ಎಂದೇ ಅರ್ಥ. ಇಫ್ ಡಬ್ಲ್ಯೂಎಸ್-ಫ್ಲ್ಯಾಗ್ = ವೈ ಎಂದು ಕೋಟ್ ಇಲ್ಲದೆ ಬರೆದಾಗಲೂ ಇದೇ ಎರರ್.

ಮೂರನೆಯದು ಲಿಟರಲ್ ಒಳಗಿನ ಅಪಾಸ್ಟ್ರಫಿ. ಇಂಗ್ಲಿಷ್ ಮೆಸೇಜ್‌ಗಳಲ್ಲಿ ಇದು ಸಿಕ್ಕೇ ಸಿಗುತ್ತದೆ:

    ಡಿಸ್‌ಪ್ಲೇ 'ಕಸ್ಟಮರ್'ಸ್ ನೇಮ್'.

ಕಸ್ಟಮರ್ ಎಂಬಲ್ಲಿಗೆ ಲಿಟರಲ್ ಮುಗಿಯಿತು. ಸ್ ನೇಮ್ ಹೊರಗೆ ಬಿತ್ತು. ಕೊನೆಯ ಕೋಟ್ ಇನ್ನೊಂದು ಲಿಟರಲ್ ಶುರು ಮಾಡಿತು. ಪರಿಹಾರ ಎರಡು. ಒಳಗಿನ ಸಿಂಗಲ್ ಕೋಟನ್ನು ಎರಡು ಸಲ ಒತ್ತಿ, ಅಥವಾ ಹೊರಗೆ ಡಬಲ್ ಕೋಟ್ ಬಳಸಿ:

    ಡಿಸ್‌ಪ್ಲೇ 'ಕಸ್ಟಮರ್''ಸ್ ನೇಮ್'.
    ಡಿಸ್‌ಪ್ಲೇ "ಕಸ್ಟಮರ್'ಸ್ ನೇಮ್".

ನನಗೆ ಎರಡನೆಯದೇ ಇಷ್ಟ, ಕಣ್ಣಿಗೆ ನಿಚ್ಚಳ. ಎರಡು ಸಲ ಒತ್ತಿದರೂ ಮೆಮೊರಿಯಲ್ಲಿ ಒಂದೇ ಬೈಟ್ ಕೂರುತ್ತದೆ. ಪಿಕ್ (ಫೀಲ್ಡ್‌ನ ಬಗೆ, ಅಳತೆ ಹೇಳುವ ಪಿಕ್ಚರ್ ಕ್ಲಾಸ್) ಸೈಜ್ ಲೆಕ್ಕ ಹಾಕುವಾಗ ಅದನ್ನು ಒಂದೇ ಎಂದು ಎಣಿಸಿ.

ಎರಡು ಸಿಂಗಲ್ ಕೋಟ್ ಮತ್ತು ಒಂದು ಡಬಲ್ ಕೋಟ್ ಟರ್ಮಿನಲ್ ಫಾಂಟ್‌ನಲ್ಲಿ ಬಹುತೇಕ ಒಂದೇ ಥರ ಕಾಣುತ್ತವೆ. ಅನುಮಾನ ಬಂದರೆ ಮೇನ್‌ಫ್ರೇಮ್‌ನ ಐಎಸ್‌ಪಿಎಫ್ ಎಡಿಟರ್‌ನಲ್ಲಿ ಹೆಕ್ಸ್ ಆನ್ ಎಂದು ಕೊಡಿ. ಸಿಂಗಲ್ ಕೋಟ್ 7ಡಿ, ಡಬಲ್ ಕೋಟ್ 7ಎಫ್. ಹೆಕ್ಸ್ ಅಂಕೆಗಳು ಅಕ್ಷರದ ಕೆಳಗೆ ಒಂದರ ಕೆಳಗೊಂದು ಬರುತ್ತವೆ, ಮೇಲಿನಿಂದ ಕೆಳಗೆ ಓದಿ.

ಅಪಾಸ್ಟ್ ಮತ್ತು ಕೋಟ್ ಎಂಬ ಎರಡು ಕಂಪೈಲರ್ ಆಪ್ಷನ್‌ಗಳ ಬಗ್ಗೆ ಒಂದು ತಪ್ಪು ಕಲ್ಪನೆ ಹರಡಿದೆ. ಅಪಾಸ್ಟ್ ಕೊಟ್ಟರೆ ಸಿಂಗಲ್ ಕೋಟ್ ಮಾತ್ರ ನಡೆಯುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಹಳೆಯ ಓಎಸ್‌ವಿಎಸ್ ಕೋಬಾಲ್ ಕಾಲದಲ್ಲಿ ಅದು ನಿಜವಾಗಿತ್ತು. ಎಂಟರ್‌ಪ್ರೈಸ್ ಕೋಬಾಲ್‌ನಲ್ಲಿ ಯಾವ ಆಪ್ಷನ್ ಇದ್ದರೂ ಎರಡೂ ಬಗೆಯ ಕೋಟ್ ನಡೆಯುತ್ತವೆ. ಶುರು ಮಾಡಿದ ಕೋಟ್‌ನಿಂದಲೇ ಮುಗಿಸಬೇಕು, ಅಷ್ಟೆ. ಕೋಡ್‌ನಲ್ಲಿ ಕೋಟ್ ಎಂಬ ಫಿಗರೇಟಿವ್ ಕಾನ್‌ಸ್ಟಂಟ್ (ನಿಗದಿತ ಬೆಲೆಯ ಬದಲು ಬರೆಯುವ ಕೋಬಾಲ್ ಪದ) ಬಳಸಿದಾಗ ಯಾವ ಚಿಹ್ನೆ ಬರಬೇಕು ಎಂಬುದನ್ನು ಮಾತ್ರ ಈ ಆಪ್ಷನ್ ತೀರ್ಮಾನಿಸುತ್ತದೆ. ಹಾಗಾಗಿ ಲಿಟರಲ್ ಎರರ್ ಬಂದಾಗ ಜೆಸಿಎಲ್‌ನಲ್ಲಿ (ಕಂಪೈಲ್ ಜಾಬ್ ಓಡಿಸುವ ಸ್ಕ್ರಿಪ್ಟ್) ಈ ಆಪ್ಷನ್ ಬದಲಿಸಲು ಹೋಗಬೇಡಿ. ಎರರ್ ಹೋಗುವುದಿಲ್ಲ. ರನ್ ಟೈಮ್‌ನಲ್ಲಿ ಔಟ್‌ಪುಟ್ ಫೈಲಿನ ಚಿಹ್ನೆ ಬದಲಾಗಿ ಬೇರೆ ಯಾರಿಗೋ ತೊಂದರೆ ಆಗಬಹುದು.

ಹಂತ 3: ಕಾಲಂ 72 ದಾಟಿದೆಯೇ?

ಕೋಟ್‌ಗಳೆಲ್ಲ ಸರಿಯಾಗಿವೆ, ಆದರೂ ಎರರ್. ಈಗ ಕಾಲಂ ನೋಡಬೇಕು.

ಕೋಬಾಲ್ ರೂಪುಗೊಂಡಿದ್ದು 1959ರ ಹೊತ್ತಿಗೆ, 80 ಕಾಲಂನ ಪಂಚ್ ಕಾರ್ಡ್ ಕಾಲದಲ್ಲಿ. ಆ ವಿಂಗಡಣೆ ಇಂದಿಗೂ ಹಾಗೇ ಇದೆ. 1ರಿಂದ 6 ಸೀಕ್ವೆನ್ಸ್ ನಂಬರ್‌ಗೆ. 7 ಸೂಚಕ ಕಾಲಂ. 8ರಿಂದ 11 ಏರಿಯಾ ಎ. 12ರಿಂದ 72 ಏರಿಯಾ ಬಿ. 73ರಿಂದ 80ರಲ್ಲಿ ಏನೇ ಇದ್ದರೂ ಕಂಪೈಲರ್ ಅದನ್ನು ಕೋಡ್ ಎಂದು ಓದುವುದಿಲ್ಲ. ನಿಮ್ಮ ಮುಚ್ಚುವ ಕೋಟ್ 73ನೇ ಕಾಲಂಗೆ ಬಿದ್ದರೆ ಸ್ಕ್ರೀನ್ ಮೇಲೆ ಚೆನ್ನಾಗೇ ಕಾಣುತ್ತದೆ. ಕಂಪೈಲರ್ ಪಾಲಿಗೆ ಅದು ಇಲ್ಲವೇ ಇಲ್ಲ.

ಎಡಿಟರ್‌ನಲ್ಲಿ ಆ ಸಾಲಿನ ನಂಬರ್ ಜಾಗದಲ್ಲಿ ಕಾಲ್ಸ್ ಎಂದು ಕೊಡಿ, ಅಳತೆಪಟ್ಟಿ ಬರುತ್ತದೆ. ಇಡೀ ಪ್ರೋಗ್ರಾಂ ನೋಡಬೇಕಾದರೆ ಫೈಂಡ್ ಕಮಾಂಡ್‌ಗೆ ಕೋಟ್ ಚಿಹ್ನೆ ಕೊಟ್ಟು, ಕೊನೆಯಲ್ಲಿ 73 80 ಎಂದು ಕಾಲಂ ಮಿತಿ ಸೇರಿಸಿ. ಆ ಜಾಗಕ್ಕೆ ಜಾರಿದ ಕೋಟ್‌ಗಳೆಲ್ಲ ಸಿಗುತ್ತವೆ. ನಂಬರ್ ಮೋಡ್ ಆನ್ ಇದ್ದರೆ ಎಡಿಟರ್ ಕೆಲವು ಕಾಲಂಗಳನ್ನು ಬಚ್ಚಿಡುತ್ತದೆ, ಆದ್ದರಿಂದ ಮೊದಲು ನಂಬರ್ ಆಫ್ ಮಾಡಿಕೊಳ್ಳಿ.

ಇಫ್ ಒಳಗೆ ಇಫ್ ಸೇರಿಸಿ ಕೋಡನ್ನು ಬಲಕ್ಕೆ ಸರಿಸಿದಾಗ ಈ ತೊಂದರೆ ಜಾಸ್ತಿ. ವರ್ಷಗಟ್ಟಲೆ ಸರಿಯಾಗಿ ಓಡಿದ ಸಾಲು ನಾಲ್ಕು ಕಾಲಂ ಸರಿದ ತಕ್ಷಣ ಒಡೆಯುತ್ತದೆ. ನೀವು ಆ ಲಿಟರಲ್ ಮುಟ್ಟೇ ಇರುವುದಿಲ್ಲ. ಹಾಗಾಗಿ ಅಲ್ಲಿ ಹುಡುಕಬೇಕು ಅನ್ನಿಸುವುದೂ ಇಲ್ಲ.

ಹಂತ 4: ಮುಂದಿನ ಸಾಲಿಗೆ ಹರಿಯುವ ಲಿಟರಲ್

ಅತಿ ಹೆಚ್ಚು ಸಮಯ ತಿನ್ನುವುದು ಇದೇ, ಅದಕ್ಕೇ ನಿಧಾನವಾಗಿ ನೋಡೋಣ. ಒಂದು ಸಾಲಿನಲ್ಲಿ ಹಿಡಿಸದ ಲಿಟರಲನ್ನು ಮುಂದಿನ ಸಾಲಿಗೆ ಒಯ್ಯಲು ಇರುವ ನಿಯಮಗಳು ಇವು.

ಮೊದಲ ಸಾಲಿನಲ್ಲಿ ಕೋಟ್ ತೆರೆಯಿರಿ, ಆದರೆ ಮುಚ್ಚಬೇಡಿ. ಪಠ್ಯ 72ನೇ ಕಾಲಂವರೆಗೆ ತುಂಬಿಕೊಂಡು ಹೋಗಲಿ. ಎರಡನೇ ಸಾಲಿನ 7ನೇ ಕಾಲಂನಲ್ಲಿ ಹೈಫನ್ ಹಾಕಿ. 8ರಿಂದ 11 ಖಾಲಿ ಬಿಡಿ. 12ನೇ ಕಾಲಂನಲ್ಲಿ ಅಥವಾ ಅದರ ನಂತರ ಅದೇ ಬಗೆಯ ಕೋಟ್ ಮತ್ತೆ ಹಾಕಿ, ಅದರ ಬೆನ್ನಿಗೇ ಉಳಿದ ಪಠ್ಯ ಬರೆಯಿರಿ. ಎಲ್ಲ ಮುಗಿದ ಮೇಲೆ ಕೋಟ್ ಮುಚ್ಚಿ.

ತಪ್ಪುಗಳು ಎಲ್ಲಿ ಆಗುತ್ತವೆ ಎಂದರೆ, ಮೊದಲ ಸಾಲಿನಲ್ಲೇ ಕೋಟ್ ಮುಚ್ಚಿ ಆಮೇಲೆ ಹೈಫನ್ ಹಾಕುತ್ತಾರೆ. ಅಥವಾ ಎರಡನೇ ಸಾಲಿನ ಶುರುವಿನ ಕೋಟ್ ಮರೆಯುತ್ತಾರೆ, ಅದು ಲಿಟರಲ್ ನಡುವೆ ಬರುವುದರಿಂದ ಬೇಡವೇನೋ ಅನ್ನಿಸುತ್ತದೆ, ಆದರೆ ಬೇಕೇ ಬೇಕು. ಹೈಫನ್ 6ಕ್ಕೋ 8ಕ್ಕೋ ಬೀಳುತ್ತದೆ. ಮೇಲೆ ಡಬಲ್ ಕೋಟ್ ಹಾಕಿ ಕೆಳಗೆ ಸಿಂಗಲ್ ಕೋಟ್ ಹಾಕುತ್ತಾರೆ. ಇವೆಲ್ಲ ಕಂಪೈಲ್ ಹೊತ್ತಿಗೇ ಸಿಕ್ಕಿಬೀಳುತ್ತವೆ.

ಸಿಕ್ಕಿಬೀಳದ ಒಂದು ತಪ್ಪು ಇದೆ, ಅದೇ ಕೆಟ್ಟದ್ದು. ಮೊದಲ ಸಾಲಿನ ಪಠ್ಯ 60ನೇ ಕಾಲಂಗೆ ನಿಂತಿತು ಎನ್ನಿ. 61ರಿಂದ 72ರವರೆಗಿನ 12 ಸ್ಪೇಸ್‌ಗಳೂ ಲಿಟರಲ್‌ನ ಭಾಗ. ಕಂಪೈಲರ್ ಏನೂ ತಕರಾರು ಮಾಡದೆ ಒಪ್ಪಿಕೊಳ್ಳುತ್ತದೆ. ಗ್ರಾಹಕರಿಗೆ ಹೋಗುವ ಪತ್ರದಲ್ಲಿ ಎರಡು ಪದಗಳ ನಡುವೆ ದೊಡ್ಡ ಖಾಲಿ ಜಾಗ ಬರುತ್ತದೆ. ಇಲ್ಲವೇ ಪಠ್ಯ ಹಿಗ್ಗಿ, ಫೀಲ್ಡ್‌ನ ಅಳತೆ ಮೀರಿ, ಬಾಲ ತುಂಡಾಗುತ್ತದೆ.

ನನ್ನ ಸಲಹೆ ಕೇಳಿದರೆ, ಹೊಸ ಕೋಡ್‌ನಲ್ಲಿ ಲಿಟರಲನ್ನು ಹೀಗೆ ಹರಿಸಲೇಬೇಡಿ. ಗ್ರೂಪ್ ಐಟಂ ಮಾಡಿ, ಅದರೊಳಗೆ ತುಂಡು ತುಂಡಾಗಿ ಇಡಿ (ಫಿಲ್ಲರ್ ಅಂದರೆ ಹೆಸರಿಲ್ಲದ ಫೀಲ್ಡ್):

    01 ಡಬ್ಲ್ಯೂಎಸ್-ಲಾಂಗ್-ಮೆಸೇಜ್.
       05 ಫಿಲ್ಲರ್ ಪಿಕ್ ಎಕ್ಸ್(40) ವ್ಯಾಲ್ಯೂ 'ಮೊದಲ ತುಂಡು'.
       05 ಫಿಲ್ಲರ್ ಪಿಕ್ ಎಕ್ಸ್(40) ವ್ಯಾಲ್ಯೂ 'ಎರಡನೇ ತುಂಡು'.

ತುಂಡು 40 ಅಕ್ಷರಕ್ಕಿಂತ ಚಿಕ್ಕದಿದ್ದರೆ ಬಲಕ್ಕೆ ಸ್ಪೇಸ್ ತುಂಬಿಕೊಳ್ಳುತ್ತದೆ. ನಡುವೆ ಖಾಲಿ ಬೇಡವಾದರೆ ಪಿಕ್ ಸೈಜನ್ನು ಪಠ್ಯದ ಅಳತೆಗೆ ಸರಿಯಾಗಿ ಕೊಡಿ. ಪ್ರೊಸೀಜರ್ ಡಿವಿಷನ್‌ನಲ್ಲಿ ಆದರೆ ಸ್ಟ್ರಿಂಗ್ ಸ್ಟೇಟ್‌ಮೆಂಟ್ ಬಳಸಿ ಜೋಡಿಸಬಹುದು. ಇನ್ನೊಂದು ಕಾರಣವೂ ಇದೆ: ಒಂದು ಆಲ್ಫಾನ್ಯೂಮರಿಕ್ ಲಿಟರಲ್ 160 ಬೈಟ್ ದಾಟುವಂತಿಲ್ಲ. ಎಷ್ಟು ಸಾಲಿಗೆ ಹರಿಸಿದರೂ ಈ ಮಿತಿ ಬದಲಾಗುವುದಿಲ್ಲ. ಬರೀ ಸ್ಪೇಸ್ ಅಥವಾ ಗೆರೆ ಬೇಕಿದ್ದರೆ ಉದ್ದ ಲಿಟರಲ್ ಯಾಕೆ? ಮೂವ್ ಸ್ಪೇಸಸ್, ಮೂವ್ ಆಲ್ '-' ಸಾಕು.

ಹಂತ 5: ಬೈಟ್ ನೋಡಿ

ಕೋಟ್ ಇದೆ, ಕಾಲಂ ಸರಿಯಿದೆ, ಆದರೂ ಕಂಪೈಲರ್ ಒಪ್ಪುತ್ತಿಲ್ಲ. ಆ ಸಾಲು ಎಲ್ಲಿಂದ ಬಂತು ಎಂದು ಕೇಳಿಕೊಳ್ಳಿ. ವರ್ಡ್ ಡಾಕ್ಯುಮೆಂಟ್, ಇಮೇಲ್ ಅಥವಾ ಚಾಟ್‌ನಿಂದ ಕಾಪಿ ಮಾಡಿದ್ದೇ? ಆ ಆ್ಯಪ್‌ಗಳು ನೇರ ಕೋಟನ್ನು ಬಾಗಿದ ಕೋಟ್ ಮಾಡಿಬಿಡುತ್ತವೆ. ಮೇನ್‌ಫ್ರೇಮ್ ಅಕ್ಷರಗಳನ್ನು ಬೈಟ್ ಆಗಿ ಬರೆಯುವ ಪದ್ಧತಿ ಎಬ್ಸಿಡಿಕ್. ಅದರ ಸಾಮಾನ್ಯ ಕೋಡ್ ಪೇಜ್‌ಗಳಾದ 037, 1047ರಲ್ಲಿ ಬಾಗಿದ ಕೋಟ್ ಇಲ್ಲ. ಫೈಲ್ ಕಳಿಸುವಾಗ ಅದು 3ಎಫ್ ಎಂಬ ಬದಲಿ ಬೈಟ್ ಆಗಬಹುದು. ಯುಟಿಎಫ್-8ನಲ್ಲಿ ಒಂದು ಬಾಗಿದ ಕೋಟ್ ಮೂರು ಬೈಟ್. ಪರಿವರ್ತನೆ ತಪ್ಪಾಗಿ ಆ ಮೂರೂ ಬೈಟ್ ಹಾಗೇ ಒಳಗೆ ಬಂದರೆ, ಒಂದು ಕೋಟ್ ಜಾಗದಲ್ಲಿ ಮೂರು ಕಸದ ಅಕ್ಷರ ಕೂರುತ್ತವೆ, ಆ ಸಾಲಿನ ಉಳಿದ ಭಾಗ ಎರಡು ಕಾಲಂ ಬಲಕ್ಕೆ ಸರಿಯುತ್ತದೆ. ಹಂತ 3ರ ತೊಂದರೆಯೂ ಜೊತೆಗೆ ಸೇರಿಕೊಂಡಿತು ಅಲ್ವಾ!

ಪತ್ತೆ ಹಚ್ಚುವುದು ಸುಲಭ. ಫೈಂಡ್ ಕಮಾಂಡ್‌ನಲ್ಲಿ ಪಿ ಅಕ್ಷರ, ಅದರ ಬೆನ್ನಿಗೇ ಕೋಟ್‌ಗಳ ನಡುವೆ ಒಂದು ಚುಕ್ಕಿ, ಕೊನೆಗೆ ಆಲ್ ಎಂದು ಕೊಡಿ. ತೆರೆಯ ಮೇಲೆ ತೋರಿಸಲಾಗದ ಬೈಟ್‌ಗಳನ್ನೆಲ್ಲ ಅದು ಹಿಡಿಯುತ್ತದೆ. ಸಿಕ್ಕ ಸಾಲಿನಲ್ಲಿ ಹೆಕ್ಸ್ ಆನ್ ಮಾಡಿ. ಕೋಟ್ 7ಡಿ ಅಥವಾ 7ಎಫ್, ಸ್ಪೇಸ್ 40, ಹೈಫನ್ 60 ಆಗಿರಬೇಕು. ಸ್ಪೇಸ್ ಜಾಗದಲ್ಲಿ 05 ಕಂಡರೆ ಅದು ಟ್ಯಾಬ್, 41 ಕಂಡರೆ ವೆಬ್ ಪುಟಗಳಿಂದ ಬರುವ ಮುರಿಯದ ಸ್ಪೇಸ್. ತಿದ್ದುವಾಗ ಆ ಚಿಹ್ನೆಯನ್ನು ಅಳಿಸಿ ಕೈಯಾರೆ ಟೈಪ್ ಮಾಡಿ. ಮತ್ತೆ ಪೇಸ್ಟ್ ಮಾಡಿದರೆ ಅದೇ ಕಸ ವಾಪಸ್ ಬರುತ್ತದೆ.

ಹಂತ 6: ಕೋಟ್‌ನ ಅಕ್ಕಪಕ್ಕ

ತೆರೆಯುವ ಕೋಟ್‌ಗೆ ಮುಂಚೆ ಸ್ಪೇಸ್ ಅಥವಾ ತೆರೆಯುವ ಆವರಣ ಇರಬೇಕು. ಮುಚ್ಚುವ ಕೋಟ್ ನಂತರ ಸ್ಪೇಸ್, ಕಾಮಾ, ಸೆಮಿಕೋಲನ್, ಫುಲ್‌ಸ್ಟಾಪ್ ಅಥವಾ ಮುಚ್ಚುವ ಆವರಣ ಇರಬೇಕು. 'ಎಬಿಸಿ'ಟು ಎಂದು ಅಂಟಿಸಿ ಬರೆಯಬೇಡಿ. ಬೇರೆ ಭಾಷೆಗಳಿಂದ ಬಂದವರಿಗೆ ಇದು ಸಣ್ಣ ವಿಷಯ ಅನ್ನಿಸುತ್ತದೆ, ಕೋಬಾಲ್‌ನಲ್ಲಿ ಸ್ಪೇಸ್‌ಗೆ ಬೆಲೆ ಇದೆ.

ಹಂತ 7: ವ್ಯಾಲ್ಯೂ ಮತ್ತು ಪಿಕ್ ಹೊಂದುತ್ತವೆಯೇ?

ಎರರ್ ಡೇಟಾ ಡಿವಿಷನ್‌ನಲ್ಲಿದ್ದರೆ ಪಿಕ್ ಮತ್ತು ಲಿಟರಲ್ ಎರಡನ್ನೂ ಪಕ್ಕಪಕ್ಕ ನೋಡಿ. ಪಿಕ್ 9(4) (ನಾಲ್ಕು ಅಂಕೆಯ ಫೀಲ್ಡ್) ಎಂದಿಟ್ಟು ವ್ಯಾಲ್ಯೂ '1234' ಎಂದರೆ ತಪ್ಪು, ಅಲ್ಲಿ ಕೋಟ್ ಇರಬಾರದು. ಪಿಕ್ ಎಕ್ಸ್(4) (ನಾಲ್ಕು ಅಕ್ಷರದ ಫೀಲ್ಡ್) ಎಂದಿಟ್ಟು ವ್ಯಾಲ್ಯೂ 1234 ಎಂದರೂ ತಪ್ಪು, ಅಲ್ಲಿ ಕೋಟ್ ಬೇಕು. ಝಡ್, ಕಾಮಾ ಎಲ್ಲ ಇರುವ ನ್ಯೂಮರಿಕ್ ಎಡಿಟೆಡ್ ಫೀಲ್ಡ್ ಅಂಕೆಯಂತೆ ಕಂಡರೂ, ಅದರ ವ್ಯಾಲ್ಯೂ ಕೋಟ್ ಒಳಗಿನ ಲಿಟರಲ್ ಆಗಿರಬೇಕು, ತೋರಬೇಕಾದ ರೂಪದಲ್ಲೇ ಬರೆದಿರಬೇಕು. ವ್ಯಾಲ್ಯೂನ ಲಿಟರಲ್ ಪಿಕ್‌ಗಿಂತ ಉದ್ದವಿದ್ದರೂ ಕಂಪೈಲರ್ ತಡೆಯುತ್ತದೆ.

ಹೆಕ್ಸ್ ಲಿಟರಲ್ ಆದರೆ ಅಂಕೆಗಳ ಸಂಖ್ಯೆ ಸಮ ಇರಬೇಕು. ಒಂದು ಬೈಟ್‌ಗೆ ಎರಡು ಅಂಕೆ. ಎಕ್ಸ್'0' ಎಂದರೆ ಎರರ್, ಎಕ್ಸ್'00' ಸರಿ.

ಕನ್ನಡ ಪಠ್ಯವನ್ನೇ ಕೋಬಾಲ್‌ನಲ್ಲಿ ಇಡಬೇಕಾದರೆ? ಸೋರ್ಸ್ ಫೈಲ್ 1140ರಂಥ ಕೋಡ್ ಪೇಜ್‌ನಲ್ಲಿ ಇರುವಾಗ ಕನ್ನಡ ಅಕ್ಷರಗಳನ್ನು ನೇರ ಟೈಪ್ ಮಾಡಲಾಗದು. ಪಿಕ್ ಎನ್ ಫೀಲ್ಡ್ ಮಾಡಿ, ಎನ್‌ಎಕ್ಸ್ ಲಿಟರಲ್‌ನಲ್ಲಿ ಯುಟಿಎಫ್-16 ಸಂಖ್ಯೆಗಳನ್ನು ಕೊಡಿ. ‘ಕನ್ನಡ’ ಎಂಬುದಕ್ಕೆ 0ಸಿ95, 0ಸಿಎ8, 0ಸಿಸಿಡಿ, 0ಸಿಎ8, 0ಸಿಎ1. ಕಾಮಾ, ಸ್ಪೇಸ್ ಇಲ್ಲದೆ ಒಟ್ಟಿಗೆ ಬರೆಯಬೇಕು, ಪ್ರತಿ ಗುಂಪಿಗೆ ನಾಲ್ಕು ಅಂಕೆ ಇರಲೇಬೇಕು. ಕಣ್ಣಿಗೆ ಮೂರು ಅಕ್ಷರ ಕಂಡರೂ ಒತ್ತಕ್ಷರದಿಂದಾಗಿ ಐದು ಸ್ಥಾನ ಬೇಕು, ಹಾಗಾಗಿ ಪಿಕ್ ಎನ್(5). ಪಿಕ್ ಎನ್(3) ಕೊಟ್ಟರೆ ಲಿಟರಲ್ ಫೀಲ್ಡ್‌ಗಿಂತ ಉದ್ದವಾಗುತ್ತದೆ.

ಹಂತ 8: ಕಾಪಿಬುಕ್, ಡಿಬಿ2, ಸಿಐಸಿಎಸ್

ಕಾಪಿ ರಿಪ್ಲೇಸಿಂಗ್ ಅಂದರೆ ಕಾಪಿಬುಕ್ ಸೇರಿಸುವಾಗ ಅದರ ಪದಗಳನ್ನು ಬದಲಿಸುವುದು. ಅದು ಲಿಟರಲ್‌ನ ಒಳಗೆ ಕೈ ಹಾಕುವುದಿಲ್ಲ. ಕಾಪಿಬುಕ್‌ನ ಲಿಟರಲ್ ಒಳಗೆ :ಟ್ಯಾಗ್: ಎಂದು ಬರೆದಿದ್ದರೆ ಅದು ಹಾಗೇ ಉಳಿಯುತ್ತದೆ. ಬದಲಿಸಬೇಕಾದರೆ ಕೋಟ್ ಸಮೇತ ಇಡೀ ಲಿಟರಲನ್ನೇ ರಿಪ್ಲೇಸಿಂಗ್‌ನಲ್ಲಿ ಕೊಡಿ, ಏಕೆಂದರೆ ಕಂಪೈಲರ್‌ಗೆ ಕೋಟ್‌ನಿಂದ ಕೋಟ್‌ವರೆಗಿನದು ಒಂದೇ ಪದ.

ಡಿಬಿ2 ಡೇಟಾಬೇಸ್‌ಗೆ ಬರೆಯುವ ಎಕ್ಸೆಕ್ ಎಸ್‌ಕ್ಯೂಎಲ್ ಒಳಗೆ ನಿಯಮ ಬೇರೆ. ವೇರ್ ಸ್ಟೇಟಸ್ = "ಎ" ಎಂದು ಡಬಲ್ ಕೋಟ್ ಹಾಕಿದರೆ, ಅಪಾಸ್ಟ್‌ಎಸ್‌ಕ್ಯೂಎಲ್ ಎಂಬ ಆಪ್ಷನ್ (ಎಸ್‌ಕ್ಯೂಎಲ್ ಲಿಟರಲ್‌ಗೆ ಸಿಂಗಲ್ ಕೋಟ್) ಜಾರಿಯಲ್ಲಿರುವ ಕಡೆ ಡಿಬಿ2 ಅದನ್ನು ಟೇಬಲ್‌ನ ಎ ಹೆಸರಿನ ಕಾಲಂ ಎಂದು ತಿಳಿಯುತ್ತದೆ. ಕೋಬಾಲ್ ಕಂಪೈಲ್ ಚೆನ್ನಾಗೇ ಆಗಿ, ಬೈಂಡ್ (ಎಸ್‌ಕ್ಯೂಎಲ್ ಅನ್ನು ಡಿಬಿ2 ಪರಿಶೀಲಿಸಿ ಸಿದ್ಧ ಮಾಡುವ ಹಂತ) ಹೊತ್ತಿನಲ್ಲಿ ಎಸ್‌ಕ್ಯೂಎಲ್ ಕೋಡ್ -206 ಬರಬಹುದು. ಡಿಬಿ2 ಪ್ರೀಕಂಪೈಲರ್‌ಗೆ, ಸಿಐಸಿಎಸ್ (ಮೇನ್‌ಫ್ರೇಮ್‌ನ ಆನ್‌ಲೈನ್ ವಹಿವಾಟು ನಡೆಸುವ ಸಾಫ್ಟ್‌ವೇರ್) ಟ್ರಾನ್ಸ್‌ಲೇಟರ್‌ಗೆ ತಮ್ಮದೇ ಅಪಾಸ್ಟ್, ಕೋಟ್ ಆಪ್ಷನ್‌ಗಳಿವೆ. ಅವು ಬೇರೆ ಸ್ಟೆಪ್ ಆಗಿ ಓಡುವ ಸೈಟ್‌ಗಳಲ್ಲಿ ಎರರ್ ಯಾವ ಸ್ಟೆಪ್‌ನದು ಎಂದು ಮೊದಲು ನೋಡಿ. ಎಸ್‌ಕ್ಯೂಎಲ್ ಒಳಗೆ ಸಿಂಗಲ್ ಕೋಟ್ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು. ಸಿಐಸಿಎಸ್‌ನಲ್ಲಿ ಪ್ರೋಗ್ರಾಂ ಹೆಸರನ್ನು ಆವರಣದೊಳಗೆ ಕೋಟ್ ಇಲ್ಲದೆ ಕೊಟ್ಟರೆ ಅದು ಡೇಟಾ-ನೇಮ್ ಆಗುತ್ತದೆ, ಮತ್ತೆ 2121.

ಹಂತ 9: ರಿಟರ್ನ್ ಕೋಡ್ 4 ಬಂದಾಗ

ಎಸ್ ಮತ್ತು ಇ ಎಲ್ಲ ಹೋದವು, ರಿಟರ್ನ್ ಕೋಡ್ 4. ಬಹಳ ಕಡೆ ಇಲ್ಲಿಗೆ ಕೆಲಸ ಮುಗಿಸಿ ಲೋಡ್ ಮಾಡಿಬಿಡುತ್ತಾರೆ. ಡಬ್ಲ್ಯೂ ಮೆಸೇಜ್‌ಗಳನ್ನೂ ಒಂದೊಂದಾಗಿ ಓದಿ ಎಂದು ಕೈಮುಗಿದು ಕೇಳುತ್ತೇನೆ. ಉದ್ದದ ಲಿಟರಲನ್ನು ಗಿಡ್ಡ ಫೀಲ್ಡ್‌ಗೆ ಮೂವ್ ಮಾಡಿದ್ದರೆ ಅದು ಬಲಗಡೆ ತುಂಡಾಗುತ್ತದೆ, ಕಂಪೈಲ್ ನಿಲ್ಲುವುದಿಲ್ಲ. ಮೆಸೇಜ್‌ನ ಕೊನೆಯ ಪದವೇ ‘ನಿರಾಕರಿಸಲಾಗಿದೆ’ ಎಂಬ ಅರ್ಥದ್ದಾಗಿದ್ದರೆ ಗ್ರಾಹಕರಿಗೆ ಹೋಗುವ ಸುದ್ದಿಯೇ ಬದಲಾಗುತ್ತದೆ. ಅಂಥ ಸಾಲು ಸಿಕ್ಕರೆ ಫೀಲ್ಡ್ ದೊಡ್ಡದು ಮಾಡುವ ಮೊದಲು ಅದು ಯಾವ ಫೈಲ್ ಲೇಔಟ್‌ನಲ್ಲಿದೆ, ಯಾವ ಸ್ಕ್ರೀನ್ ಮ್ಯಾಪ್‌ನಲ್ಲಿದೆ ಎಂದು ನೋಡಿ. ಲೇಔಟ್ ಮುಟ್ಟುವ ಹಾಗಿಲ್ಲದಿದ್ದರೆ ಪಠ್ಯವನ್ನೇ ಚಿಕ್ಕದು ಮಾಡಿ. ಆಮೇಲೆ ಒಂದು ಟೆಸ್ಟ್ ರನ್ ಮಾಡಿ, ಬದಲಾಯಿಸಿದ ಪ್ರತಿ ಮೆಸೇಜೂ ಔಟ್‌ಪುಟ್‌ನಲ್ಲಿ ಕೊನೆಯ ಅಕ್ಷರದವರೆಗೆ ಬಂದಿದೆಯೇ ಎಂದು ನೋಡಿಕೊಳ್ಳಿ.